ಕಡಲ ತಳದ ಬಲೆ: ತೂಕಕ್ಕೆ ಸಿಗದ ಕೆಲಸ

ಮೀನುಗಾರನ ಕೈತಪ್ಪಿದ ಬಲೆ ಮೀನು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಹತ್ತಿ, ಸೆಣಬಿನ ಬಲೆಗಳ ಕಾಲದಲ್ಲಿ ಉಪ್ಪುನೀರೇ ಅದನ್ನು ಕೊಳೆಸಿ ಮುಗಿಸುತ್ತಿತ್ತು. 1950ರ ನಂತರ ನೈಲಾನ್ ಮತ್ತಿತರ ಕೃತಕ ನೂಲುಗಳು ಬಂದ ಮೇಲೆ ಆ ಲೆಕ್ಕ ಬದಲಾಯಿತು. ಬಂಡೆಗೋ ಮುಳುಗಿದ ಹಡಗಿಗೋ ಸಿಕ್ಕಿ ಹರಿದುಳಿದ ಬಲೆಯಲ್ಲಿ ಮೊದಲು ಮೀನು ಸಾಯುತ್ತದೆ. ಅದನ್ನು ತಿನ್ನಲು ಬಂದ ಏಡಿ ಸಿಕ್ಕಿಬೀಳುತ್ತದೆ, ಏಡಿಯನ್ನು ಹುಡುಕಿ ಬಂದದ್ದೂ ಸಿಕ್ಕಿಬೀಳುತ್ತದೆ. ಇಂಥ ಬಲೆಗಳನ್ನು ಕತ್ತರಿಸಿ ತೆಗೆಯಲು, ಸಂಬಳವಿಲ್ಲದೆ, ರಜೆಯ ದಿನಗಳನ್ನು ಕೊಟ್ಟು ನೀರಿಗಿಳಿಯುವ ಡೈವರ್‌ಗಳ ತಂಡಗಳು ಈಗ ಹಲವು ದೇಶಗಳಲ್ಲಿವೆ. ಮೆಚ್ಚುಗೆ ಅವರಿಗೆ ಧಾರಾಳವಾಗಿ ಸಿಕ್ಕಿದೆ, ವಿಮರ್ಶೆ ಸಿಕ್ಕಿದ್ದು ಕಡಿಮೆ. ಅವರ ಕೆಲಸ ಬೆಳೆಯಬೇಕೆಂದು ಬಯಸುವವರು ಎರಡನ್ನೂ ಕೊಡಬೇಕು.

ಈ ಚಟುವಟಿಕೆಗೆ ಇಂದಿನ ರೂಪ ಬಂದದ್ದು ಮುಖ್ಯವಾಗಿ ನೆದರ್ಲೆಂಡ್ಸ್‌ನಲ್ಲಿ. ಉತ್ತರ ಸಮುದ್ರದ ತಳದ ಬಹುಭಾಗ ಬರೀ ಮರಳು. ಅಲ್ಲಿ ಮುಳುಗಿರುವ ಸಾವಿರಾರು ಹಡಗುಗಳೇ ಮೀನು, ಏಡಿ, ಕಡಲಹೂಗಳಿಗೆ ಆಸರೆ. ಜೀವಿಗಳು ಸೇರುವ ಆ ಜಾಗದಲ್ಲೇ ಬಲೆಗಳೂ ಸಿಕ್ಕಿಕೊಳ್ಳುತ್ತವೆ. ಪಾಸ್ಕಾಲ್ ವಾನ್ ಎರ್ಪ್ ಎಂಬ ಡಚ್ ಡೈವರ್ 2009ರಲ್ಲಿ ಗೆಳೆಯರೊಂದಿಗೆ ಅವುಗಳನ್ನು ತೆಗೆಯಲು ಆರಂಭಿಸಿದರು. 2012ರಲ್ಲಿ ಅದು ಸಂಸ್ಥೆಯಾಯಿತು, ಈಗ ‘ಘೋಸ್ಟ್ ಡೈವಿಂಗ್’ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಅದರ ಶಾಖೆಗಳಿವೆ. 2013ರಲ್ಲಿ ಹುಟ್ಟಿದ ‘ಹೆಲ್ದಿ ಸೀಸ್’ ಎಂಬ ಸಂಸ್ಥೆ ಈ ಡೈವರ್‌ಗಳು ತಂದ ಬಲೆಗಳನ್ನು ಮರುಬಳಕೆಗೆ ಕಳಿಸುವ ಹೊಣೆ ಹೊತ್ತಿತು. ಗ್ರೀಸ್‌ನ ಇಥಾಕಾ ದ್ವೀಪದಲ್ಲಿ ಮಾಲೀಕರು ಕೈಬಿಟ್ಟು ಹೋದ ಮೀನುಸಾಕಣೆಯ ಅವಶೇಷಗಳನ್ನು 2021ರಲ್ಲಿ ತೆರವುಗೊಳಿಸಿದ್ದು ಇವೆರಡರ ದೊಡ್ಡ ಜಂಟಿ ಕೆಲಸಗಳಲ್ಲಿ ಒಂದು.

ಈ ಕೆಲಸಕ್ಕೆ ಬೇಕಾದ ಕೌಶಲ ಸಣ್ಣದಲ್ಲ. ಉಬ್ಬರ ಇಳಿತಗಳ ನಡುವೆ ನೀರು ನಿಂತಂತಿರುವ ಅಲ್ಪ ಅವಧಿಯಲ್ಲೇ ಇಳಿಯಬೇಕು. ಮೂವತ್ತು, ನಲವತ್ತು ಮೀಟರ್ ಆಳದಲ್ಲಿ, ಕೈಯಳತೆಯಾಚೆ ಕಾಣದಂಥ ಕಲಕುನೀರಿನಲ್ಲಿ, ಚಾಕು ಕತ್ತರಿಗಳಿಂದ ಬಲೆಯನ್ನು ತುಂಡುತುಂಡಾಗಿ ಬಿಡಿಸಬೇಕು. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಗಾಳಿಚೀಲ ಕಟ್ಟುತ್ತಾರೆ, ಮತ್ತೊಬ್ಬರು ಕಾವಲಿರುತ್ತಾರೆ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಅಲ್ಲಿ ಚೀಲಕ್ಕೆ ತುಂಬಿದ ಗಾಳಿ ಮೇಲೇರುತ್ತಾ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗವಾಗಿ ಏರುತ್ತದೆ. ಆ ಕ್ಷಣ ಬಲೆಯ ಎಳೆಯೊಂದು ಡೈವರ್‌ನ ಸಿಲಿಂಡರಿಗೆ ಸಿಕ್ಕಿದ್ದರೆ ಅವನೂ ಅದರ ಜೊತೆ ಏರುತ್ತಾನೆ. ಅಷ್ಟು ಅವಸರದಲ್ಲಿ ಮೇಲೆ ಬಂದ ದೇಹದ ರಕ್ತದಲ್ಲಿ ಸಾರಜನಕ ಗುಳ್ಳೆಗಟ್ಟುತ್ತದೆ. ಮೀನಿಗಾಗಿ ಹೆಣೆದ ಬಲೆ ಮನುಷ್ಯನನ್ನೂ ಹಿಡಿಯಬಲ್ಲದು. ಒಳ್ಳೆಯ ತಂಡಗಳು ಸಾಮಾನ್ಯ ಪ್ರವಾಸಿ ಡೈವರ್‌ಗಳನ್ನು ಈ ಕೆಲಸಕ್ಕೆ ಬಿಡದೆ ಪ್ರತ್ಯೇಕ ತರಬೇತಿ ಕಡ್ಡಾಯ ಮಾಡಿರುವುದು ಸರಿಯಾದ ಕ್ರಮ. ಆ ಶಿಸ್ತು ಈ ಆಂದೋಲನದ ಮೊದಲ ಗುಣ. ಜೀವಂತ ಏಡಿಯೊಂದನ್ನು ಬಿಡಿಸಲು ಅಮೂಲ್ಯ ಗಾಳಿಯನ್ನು ಖರ್ಚು ಮಾಡುವ ಕರುಣೆ ಎರಡನೆಯದು.

ನನ್ನ ತಕರಾರು ಇರುವುದು ಈ ಕೆಲಸವನ್ನು ಅಳೆಯುವ ರೀತಿಯ ಬಗ್ಗೆ. ಪ್ರತಿ ಅಭಿಯಾನದ ಕೊನೆಗೆ ಬರುವ ಸುದ್ದಿ ಒಂದೇ: ಇಷ್ಟು ಕಿಲೋ, ಇಷ್ಟು ಟನ್. ದೇಣಿಗೆ ಕೊಡುವವರಿಗೆ ತೂಕ ಬೇಗ ಅರ್ಥವಾಗುತ್ತದೆ, ನಿಜ. ಆದರೆ ಒಂದು ಟನ್ ದಪ್ಪ ಟ್ರಾಲ್ ಬಲೆ ಉಂಡೆಯಾಗಿ ಬಿದ್ದು ಏನನ್ನೂ ಹಿಡಿಯದೆ ಇರಬಹುದು. ಹತ್ತು ಕಿಲೋ ತೂಗದ ತೆಳು ಗಿಲ್‌ನೆಟ್, ಅಂದರೆ ನಮ್ಮ ಕರಾವಳಿಯವರ ಕಂತಬಲೆ, ನೆಟ್ಟಗೆ ನಿಂತು ದಿನವೂ ಕೊಲ್ಲುತ್ತಿರಬಹುದು. ತೂಕದ ತಕ್ಕಡಿಯಲ್ಲಿ ಮೊದಲನೆಯದೇ ದೊಡ್ಡ ಗೆಲುವು.

ಜಾಗತಿಕ ಅಂಕಿಗಳ ವಿಷಯದಲ್ಲೂ ಇದೇ ಸಡಿಲತೆ ಇದೆ. ವರ್ಷಕ್ಕೆ 6.4 ಲಕ್ಷ ಟನ್ ಬಲೆ ಕಡಲು ಸೇರುತ್ತದೆ ಎಂಬ ಮಾತು ಎಲ್ಲ ಭಿತ್ತಿಪತ್ರಗಳಲ್ಲೂ ಇದೆ. ಅದರ ಬೇರು ಹಡಗುಗಳ ಕಸದ ಬಗ್ಗೆ 1970ರ ದಶಕದಲ್ಲಿ ಮಾಡಿದ ಒಂದು ಸ್ಥೂಲ ಅಂದಾಜು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ದಾರಿ ಹಿಡಿಯಿತು. ಏಳು ದೇಶಗಳ ಸುಮಾರು 450 ಮೀನುಗಾರರನ್ನು ಮಾತಾಡಿಸಿ, ವರ್ಷಕ್ಕೆ ಬಳಕೆಯಾಗುವ ಸಲಕರಣೆಗಳಲ್ಲಿ ಹತ್ತಿರ ಹತ್ತಿರ ಶೇ 2ರಷ್ಟು ಕಳೆದುಹೋಗುತ್ತದೆ ಎಂದು ಅದು ಲೆಕ್ಕ ಹಾಕಿತು. ಅದರಲ್ಲಿ ಸುಮಾರು 3,000 ಚದರ ಕಿಲೋಮೀಟರ್ ಗಿಲ್‌ನೆಟ್, ಏಡಿ ಮುಂತಾದವನ್ನು ಹಿಡಿಯುವ ಎರಡೂವರೆ ಕೋಟಿ ಗೂಡುಗಳು ಸೇರಿವೆ. ಇದುವರೆಗಿನ ಗಟ್ಟಿ ಅಂದಾಜು ಬಂದದ್ದು ಮೀನುಗಾರರ ಬಾಯಿಂದ ಎಂಬುದನ್ನು ಗಮನಿಸಬೇಕು.

ಮರುಬಳಕೆಯ ಕಥೆಯನ್ನೂ ಇದೇ ಎಚ್ಚರದಿಂದ ಓದಬೇಕು. ಬಲೆ ಕಾಲುಚೀಲವಾಯಿತು, ಈಜುಡುಗೆಯಾಯಿತು ಎಂಬ ವಾಕ್ಯ ಕೇಳಲು ಹಿತ. ಇಟಲಿಯ ಅಕ್ವಾಫಿಲ್ ಕಂಪನಿ ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ನೈಲಾನ್-6 ಅನ್ನು ಅದರ ಮೂಲ ರಾಸಾಯನಿಕಕ್ಕೆ ಒಡೆದು ಹೊಸ ನೂಲು ಮಾಡುತ್ತದೆ. ಇದು ನಿಜವಾದ ತಾಂತ್ರಿಕ ಸಾಧನೆ. ಆದರೆ ಅಲ್ಲಿಗೆ ಹೋಗುವ ಕಚ್ಚಾವಸ್ತುವಿನಲ್ಲಿ ಹಳೆ ಕಾರ್ಪೆಟ್, ಕಾರ್ಖಾನೆಗಳ ತುಣುಕು, ಮೀನುಸಾಕಣೆಯ ಬಳಸಿದ ಬಲೆಗಳೂ ಇವೆ. ಡೈವರ್‌ಗಳು ತಂದದ್ದು ಅದರಲ್ಲಿ ಸಣ್ಣ ಪಾಲು. ಟ್ರಾಲ್ ಬಲೆಗಳಲ್ಲಿ ಹೆಚ್ಚಿರುವ ಪಾಲಿಎಥಿಲೀನ್ ಈ ವಿಧಾನಕ್ಕೆ ಒಗ್ಗುವುದೇ ಇಲ್ಲ. ಕೊಂಡ ಕಾಲುಚೀಲ ಕಡಲನ್ನು ಉಳಿಸಿತು ಎಂದು ಗ್ರಾಹಕ ನಂಬಿದರೆ ಡೈವರ್‌ನ ಶ್ರಮ ಜಾಹೀರಾತಾಗಿ ಮುಗಿಯುತ್ತದೆ. ಹೆಲ್ದಿ ಸೀಸ್‌ನಂಥ ಸಂಸ್ಥೆಗಳು ತಳದಿಂದ ತೆಗೆದದ್ದು ಎಷ್ಟು, ದಡದಲ್ಲಿ ಮೀನುಗಾರರು ಕೊಟ್ಟದ್ದು ಎಷ್ಟು ಎಂಬುದನ್ನು ಪ್ರತಿ ಸಲವೂ ಬೇರೆಬೇರೆಯಾಗಿ ಹೇಳಬೇಕು.

ಎಲ್ಲ ಬಲೆಗಳನ್ನೂ ತೆಗೆಯಬೇಕೇ? ಕಡಿಮೆ ಆಳದಲ್ಲಿ ಕಳೆದ ಗಿಲ್‌ನೆಟ್‌ನ ಹಿಡಿತ ಕೆಲವು ತಿಂಗಳಲ್ಲೇ ಬಹಳ ಕುಗ್ಗುತ್ತದೆ ಎಂದು ಯುರೋಪಿನ ಪ್ರಯೋಗಗಳು ತೋರಿಸಿವೆ. ಪಾಚಿ, ಸ್ಪಂಜು, ಹವಳ ಬೆಳೆದು ಬಂಡೆಯೊಂದಿಗೆ ಒಂದಾದ ಹಳೆ ಬಲೆಯನ್ನು ಕಿತ್ತರೆ ಅದರ ಮೇಲಿನ ಜೀವವೂ ಕಿತ್ತು ಬರುತ್ತದೆ. ಅಲ್ಲಿ ಅದನ್ನು ಹಾಗೇ ಬಿಡುವುದೇ ವಿವೇಕವಾದೀತು. ತೆಗೆದದ್ದರ ಪಟ್ಟಿಯ ಜೊತೆ, ನೋಡಿ ಯೋಚಿಸಿ ಬಿಟ್ಟದ್ದರ ಪಟ್ಟಿಯನ್ನೂ ಪ್ರಕಟಿಸುವ ತಂಡದ ಮೇಲೆ ನನಗೆ ಹೆಚ್ಚು ವಿಶ್ವಾಸ.

ಆಳದ ಮಿತಿಯನ್ನೂ ಮರೆಯುವಂತಿಲ್ಲ. ನಾರ್ವೆಯ ಮೀನುಗಾರಿಕೆ ಇಲಾಖೆ 1983ರಿಂದ ಪ್ರತಿ ವರ್ಷ ಹಡಗು ಕಳಿಸಿ, ಕೊಕ್ಕೆಗಳನ್ನು ತಳದಲ್ಲಿ ಎಳೆದು, ಕಳೆದ ಬಲೆಗಳನ್ನು ಎತ್ತುತ್ತಿದೆ. ಡೈವರ್ ಕನಸಿನಲ್ಲೂ ಇಳಿಯಲಾಗದ ನೂರಾರು ಮೀಟರ್ ಆಳದಿಂದ ಹೀಗೆ ಬಂದ ಬಲೆಗಳು ಸಾವಿರಾರು. ಇದು ಸಾಧ್ಯವಾದದ್ದು ಬಲೆ ಕಳೆದುಕೊಂಡವರು ಜಾಗ ತಿಳಿಸಬೇಕೆಂಬ ನಿಯಮದಿಂದ, ಸರ್ಕಾರ ಹೊತ್ತ ಖರ್ಚಿನಿಂದ. ಯುರೋಪ್ ಒಕ್ಕೂಟದಲ್ಲೂ ಕಳೆದ ಬಲೆಯನ್ನು ಎತ್ತಲಾಗದಿದ್ದರೆ 24 ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮ 2009ರಲ್ಲಿ ಬಂತು. ಕಾಗದದ ಮೇಲಿನ ಆ ನಿಯಮ ಕಡಲಿನಲ್ಲಿ ಎಷ್ಟು ನಡೆಯುತ್ತಿದೆ ಎಂಬುದಕ್ಕೆ ಮುಳುಗಿದ ಹಡಗುಗಳ ಮೇಲೆ ರಾಶಿ ಬಿದ್ದ ಬಲೆಗಳೇ ಉತ್ತರ. ಸ್ವಯಂಸೇವಕರು ಸರ್ಕಾರದ ಜಾಗವನ್ನು ತುಂಬಲಾರರು. ಅವರ ಹುರುಪನ್ನು ತೋರಿಸಿ ಇಲಾಖೆಗಳು ಹೊಣೆಯಿಂದ ಜಾರಿಕೊಳ್ಳುವುದನ್ನು ಅವರೇ ಮೊದಲು ವಿರೋಧಿಸಬೇಕು.

ಹಾಗಾದರೆ ಡೈವರ್‌ನ ನಿಜವಾದ ಬೆಲೆ ಎಲ್ಲಿದೆ? ಸಾಕ್ಷಿಯಾಗುವುದರಲ್ಲಿ ಎಂದು ನಾನು ನಂಬುತ್ತೇನೆ. ಕೊಕ್ಕೆ ಬಲೆಯನ್ನು ತರುತ್ತದೆ, ಅದು ಎಲ್ಲಿ ಹೇಗೆ ಸಿಕ್ಕಿತ್ತು, ಏನನ್ನು ಕೊಲ್ಲುತ್ತಿತ್ತು ಎಂಬುದನ್ನು ತರುವುದಿಲ್ಲ. ಅದನ್ನು ನೋಡಿ ಹೇಳಬಲ್ಲವನು ಡೈವರ್. ಆ ಸಾಕ್ಷ್ಯವನ್ನು ಅವನು ಮೊದಲು ಒಪ್ಪಿಸಬೇಕಾದದ್ದು ಮೀನುಗಾರನಿಗೆ. ಲಕ್ಷಗಟ್ಟಲೆ ಬೆಲೆಯ ಬಲೆಯನ್ನು ಯಾರೂ ಬೇಕೆಂದು ಬಿಟ್ಟುಬರುವುದಿಲ್ಲ. ಬಿರುಗಾಳಿ, ಗುರುತಿಲ್ಲದ ಬಂಡೆ, ಬೇರೆ ದೋಣಿಯ ಟ್ರಾಲ್ ಅಡ್ಡಹಾಯ್ದದ್ದು, ಇವೇ ಹೆಚ್ಚಿನ ಕಾರಣಗಳು. ಮೀನುಗಾರನನ್ನು ಅಪರಾಧಿಯಂತೆ ಚಿತ್ರಿಸುವ ಅಭಿಯಾನ ಅವನ ಬಾಯಿ ಮುಚ್ಚಿಸುತ್ತದೆ, ಬಾಯಿ ಮುಚ್ಚಿದ ಮೇಲೆ ಬಲೆ ಬಿದ್ದ ಜಾಗ ಯಾರಿಗೂ ಗೊತ್ತಾಗುವುದಿಲ್ಲ. ‘ಘೋಸ್ಟ್ ಫಿಶಿಂಗ್ ಯುಕೆ’ ಎಂಬ ಬ್ರಿಟಿಷ್ ಸ್ವಯಂಸೇವಾ ಸಂಸ್ಥೆ, ಮೀನುಗಾರರು ದೂಷಣೆಯ ಭಯವಿಲ್ಲದೆ ಕಳೆದುಹೋದದ್ದನ್ನು ತಿಳಿಸುವ ವ್ಯವಸ್ಥೆ ಮಾಡಿಕೊಂಡಿದೆ. ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ಪಕ್ವ ಹೆಜ್ಜೆ ಇದು.

ನಮ್ಮ ಅರಬ್ಬಿ ಸಮುದ್ರಕ್ಕೂ ಇದು ಸಲ್ಲುವ ಮಾತು. ಮಾಲ್ಡೀವ್ಸ್ ಮೀನುಗಾರರು ಟ್ಯೂನಾ ಮೀನನ್ನು ಗಾಳದಲ್ಲೇ ಹಿಡಿಯುವವರು, ಬಲೆಯ ಬಳಕೆ ಅಲ್ಲಿ ತೀರಾ ಕಡಿಮೆ. ಆದರೂ ಅಲ್ಲಿನ ನೀರಿನಲ್ಲಿ ಬಲೆಗೆ ಸಿಕ್ಕ ಆಲಿವ್ ರಿಡ್ಲೆ ಆಮೆಗಳು ಸಿಗುತ್ತಲೇ ಇರುತ್ತವೆ. 2013ರಲ್ಲಿ ಆರಂಭವಾದ ‘ಆಲಿವ್ ರಿಡ್ಲೆ ಪ್ರಾಜೆಕ್ಟ್’ ಅವುಗಳಿಗೆ ಚಿಕಿತ್ಸೆ ನೀಡುತ್ತಿದೆ. ಆ ಬಲೆಗಳು ಮಾನ್ಸೂನ್ ಪ್ರವಾಹಗಳೊಂದಿಗೆ ಹೊರಗಿನ ಕಡಲುಗಳಿಂದ ತೇಲಿಬರುತ್ತವೆ. ತಿರುವನಂತಪುರದಲ್ಲಿ ಮೀನುಗಾರ ಸಮುದಾಯದವರೇ ಆದ ರಾಬರ್ಟ್ ಪನಿಪಿಳ್ಳ ಅವರ ‘ಫ್ರೆಂಡ್ಸ್ ಆಫ್ ಮರೈನ್ ಲೈಫ್’ ಬಳಗ ಕಡಲೊಳಗಿನ ಬಂಡೆಗಳನ್ನು ದಾಖಲಿಸುತ್ತಾ, ಅಲ್ಲಿ ಸಿಕ್ಕಿದ ಬಲೆಗಳನ್ನೂ ತೆಗೆದಿದೆ. ಬಂಡೆಗಳ ಹೆಸರು, ಆಳ, ಗುಣ ಬಲ್ಲ ಹಿರಿಯರ ತಿಳಿವಳಿಕೆಯಿಂದ ಶುರುವಾಗುವ ಡೈವಿಂಗ್ ಅದು. ಹೊರಗಿನಿಂದ ಬಂದವರಿಗೆ ಆ ನಕ್ಷೆ ಸುಲಭಕ್ಕೆ ದಕ್ಕದು.

ಕರ್ನಾಟಕದ ಕರಾವಳಿಯಲ್ಲಿ ಡೈವರ್, ಮೀನುಗಾರ ಎರಡೂ ಬದಿ ಸಿದ್ಧವಿವೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಬಲ್ಲವರಿದ್ದಾರೆ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ದೋಣಿ ನಡೆಸುವ ತಾಂಡೇಲರಿಗೆ ಯಾವ ಕಲ್ಲಿಗೆ ಬಲೆ ಸಿಗುತ್ತದೆಂದು ಗೊತ್ತು, ಅನೇಕರ ಜಿಪಿಎಸ್‌ನಲ್ಲೇ ಆ ಗುರುತುಗಳಿವೆ. ಮೀನುಗಾರಿಕಾ ಇಲಾಖೆ ಬಂದರುಗಳಲ್ಲಿ ಒಂದು ಸರಳ ನೋಂದಣಿ ಪುಸ್ತಕ ಇಟ್ಟು, ಬಲೆ ಕಳೆದ ಜಾಗ ಹೇಳಿದವರಿಗೆ ದಂಡವಿಲ್ಲ ಎಂದು ಘೋಷಿಸಲಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಕಡಲು ಕೆರಳಿರುತ್ತದೆ, ಡೈವರ್ ಇಳಿಯಲಾರ. ಯಾಂತ್ರಿಕ ದೋಣಿಗಳು ದಡದಲ್ಲಿರುವ ಆ ದಿನಗಳಲ್ಲಿ ಆ ಪಟ್ಟಿ ತಯಾರಾಗಲಿ, ನೀರು ತಿಳಿಯಾದ ಮೇಲೆ ತರಬೇತಾದ ತಂಡ ಇಳಿಯಲಿ, ಬಲೆ ಕಳೆದುಕೊಂಡವರ ದೋಣಿಯಿಂದಲೇ ಇಳಿಯಲಿ.

ಸ್ವಯಂಸೇವಕ ಡೈವರ್‌ಗಳ ಕೆಲಸ ಕಡಲಿನ ಬಲೆಗಳನ್ನು ಖಾಲಿ ಮಾಡಲಾರದು, ಮಾಡುತ್ತದೆಂದು ಹೇಳಿಕೊಳ್ಳಬೇಕಾಗಿಯೂ ಇಲ್ಲ. ಒಂದು ಬಂಡೆಯನ್ನು, ಒಂದು ಹಡಗನ್ನು ಅದು ಉಳಿಸುತ್ತದೆ. ಮೇಲಿನವರಿಗೆ ಕಾಣದ ಸಾವನ್ನು ಕಂಡು ಹೇಳುತ್ತದೆ. ಬಲೆ ಕಳೆದುಕೊಂಡವನೂ ಬಲೆ ತೆಗೆಯುವವನೂ ಒಂದೇ ದೋಣಿಯಲ್ಲಿ ಕೂತು ಮಾತಾಡುವಂತಾದರೆ, ಮುಂದಿನ ಬಲೆ ಕಳೆಯದಂತೆ ನೋಡಿಕೊಳ್ಳುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ಈ ಡೈವರ್‌ಗಳ ಯಶಸ್ಸನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಇದು: ಈ ವರ್ಷ ಎಷ್ಟು ಮೀನುಗಾರರು ತಾವಾಗಿ ನಿಮ್ಮನ್ನು ಕರೆದರು?