ಆಯ್ಕೆ, ಒಲವು, ಅಗಲಿಕೆ: ಅಮೆರಿಕದ ಎರಡು ಕವಿತೆಗಳು ಮತ್ತು ‘ಮಂಕುತಿಮ್ಮನ ಕಗ್ಗ’

ಬೈರಕೂರು ಹೋಬಳಿಯನ್ನೊಳಗೊಂಡ ಮುಳಬಾಗಿಲು ಸೀಮೆ ಡಿ.ವಿ. ಗುಂಡಪ್ಪನವರ (1887–1975) ಹುಟ್ಟುನೆಲ. 1943ರಲ್ಲಿ ಪ್ರಕಟವಾದ ಅವರ ‘ಮಂಕುತಿಮ್ಮನ ಕಗ್ಗ’ವನ್ನು ವಿಧಿವಾದದ ಕಾವ್ಯವೆಂದೂ, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನ ‘ದಿ ರೋಡ್ ನಾಟ್ ಟೇಕನ್’ ಕವಿತೆಯನ್ನು ಸ್ವತಂತ್ರ ಆಯ್ಕೆಯ ಜಯಘೋಷವೆಂದೂ ಓದುವ ರೂಢಿಯುಂಟು. ಎರಡನ್ನೂ ಎದುರುಬದುರಿಟ್ಟು ಪರಿಶೀಲಿಸಿದರೆ ಈ ಓದು ಎರಡು ಕೃತಿಗಳಿಗೂ ನ್ಯಾಯ ಸಲ್ಲಿಸುವುದಿಲ್ಲವೆಂಬುದು ವಿದಿತವಾಗುತ್ತದೆ.

ಫ್ರಾಸ್ಟನ ಕವಿತೆ 1915ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಪ್ರಕಟವಾಗಿ, ಮರುವರ್ಷ ‘ಮೌಂಟನ್ ಇಂಟರ್ವಲ್’ ಸಂಕಲನದ ಮೊದಲ ಕವಿತೆಯಾಯಿತು. ಯಾವ ಹಾದಿ ಹಿಡಿದರೂ ಇನ್ನೊಂದೇ ಮೇಲಾಗಿತ್ತೇನೋ ಎಂದು ಹಳಹಳಿಸುತ್ತಿದ್ದ ಗೆಳೆಯ, ಇಂಗ್ಲಿಷ್ ಕವಿ ಎಡ್ವರ್ಡ್ ಥಾಮಸನ ಸ್ವಭಾವವನ್ನು ಕುರಿತ ನವಿರಾದ ವಿನೋದ ಇದರ ಹಿನ್ನೆಲೆಯಲ್ಲಿದೆ. ಕಾಡಿನ ಎರಡು ಹಾದಿಗಳೂ ಹೆಚ್ಚುಕಡಿಮೆ ಸಮನಾಗಿ ಸವೆದಿದ್ದವೆಂದು ನಿರೂಪಕನೇ ಒಪ್ಪುತ್ತಾನೆ. ತನ್ನದು ಜನ ಕಡಿಮೆ ತುಳಿದ ದಾರಿ, ಬದುಕಿನ ವ್ಯತ್ಯಾಸಕ್ಕೆಲ್ಲ ಅದೇ ಕಾರಣ ಎಂಬುದು ಅವನು ಮುಂದೆಂದೋ ನಿಟ್ಟುಸಿರಿನೊಡನೆ ಹೇಳಲಿರುವ ಕಥೆ. ಅರ್ಥ ಹುಟ್ಟುವುದು ಆಯ್ಕೆಯ ಕ್ಷಣದಲ್ಲಲ್ಲ, ಆಯ್ಕೆಯ ಕಥನದಲ್ಲಿ.

ಕಗ್ಗದ ಪ್ರಸಿದ್ಧ ಮುಕ್ತಕವೊಂದರಲ್ಲಿ ಬದುಕು ಜಟಕಾ ಬಂಡಿ, ವಿಧಿ ಅದರ ಚಾಲಕ, ಮನುಷ್ಯ ಕುದುರೆ. ಪಯಣ ಮದುವೆಮನೆಗೋ ಸ್ಮಶಾನಕ್ಕೋ, ಅದನ್ನು ನಿರ್ಧರಿಸುವ ಅಧಿಕಾರ ಕುದುರೆಗಿಲ್ಲ. ಒಲವು, ಅಗಲಿಕೆಗಳೆರಡೂ ಇಲ್ಲಿ ಒಂದೇ ಬಂಡಿಯ ಎರಡು ನಿಲ್ದಾಣಗಳು. ಆದರೆ ಮುಕ್ತಕ ಮುಗಿಯುವುದು ವಿಧಿಯ ಮಾತಿನಿಂದಲ್ಲ. ಕಾಲು ಸೋತಾಗ ಆತುಕೊಳ್ಳಲು ಭೂಮಿಯಿದೆ ಎಂಬ ಅಭಯದಿಂದ. ಬೆಟ್ಟದ ಬುಡದ ಹುಲ್ಲಾಗಲು, ದೀನರಿಗೆ ಸಿಹಿಯಾಗಲು ಪ್ರೇರೇಪಿಸುವ ಇನ್ನೊಂದು ಮುಕ್ತಕವನ್ನು ಇದರೊಡನೆ ಓದಬೇಕು. ಹಾದಿಯ ಆಯ್ಕೆ ಇಲ್ಲದವನಿಗೂ ನಡೆಯ ಆಯ್ಕೆ ಉಳಿದಿದೆ ಎಂಬುದೇ ಕಗ್ಗದ ನಿಲುವು.

ಆ ಆಸರೆಯ ಬೆಲೆ ತಿಳಿಯುವುದು ಎಡ್ಗರ್ ಅಲನ್ ಪೋನ ‘ಅನಬೆಲ್ ಲೀ’ಯನ್ನು ಓದಿದಾಗ. ಕವಿಯ ಮರಣವರ್ಷವಾದ 1849ರಲ್ಲೇ ಪ್ರಕಟವಾದ ಈ ಕವಿತೆಯಲ್ಲಿ, 1847ರಲ್ಲಿ ಕ್ಷಯದಿಂದ ತೀರಿಕೊಂಡ ಪತ್ನಿ ವರ್ಜೀನಿಯಾಳ ನೆರಳನ್ನು ಹಲವರು ಗುರುತಿಸಿದ್ದಾರೆ. ದೇವದೂತರ ಅಸೂಯೆಯೇ ನಲ್ಲೆಯ ಸಾವಿಗೆ ಕಾರಣವೆಂದು ದೂರುವ ಪ್ರೇಮಿ, ಇರುಳಿರುಳೂ ಕಡಲಂಚಿನ ಸಮಾಧಿಯ ಪಕ್ಕದಲ್ಲಿ ಮಲಗುತ್ತಾನೆ. ಅಗಲಿಕೆಯನ್ನು ಒಪ್ಪದಿರುವುದೇ ಅವನ ಆಯ್ಕೆ. ಬಿದ್ದವನನ್ನು ಹಿಡಿಯುವ ನೆಲ ಅವನಿಗಿಲ್ಲ. ಸಮಾಧಿಯ ನೆಲವಷ್ಟೇ ಇದೆ.

ಹೋಲಿಕೆಗೊಂದು ಮಿತಿಯುಂಟು. ಪೋನದು ಆತ್ಮನಿವೇದನೆ, ಗುಂಡಪ್ಪನವರದು ತಿಮ್ಮನನ್ನು ಸಂಬೋಧಿಸುವ ಹಿತವಚನ. ಪೋನ ಶೋಕಕ್ಕೆ ಒಂದು ಹೆಸರಿದೆ, ಮುಖವಿದೆ. ಈ ಮುಕ್ತಕದ ಸ್ಮಶಾನದಲ್ಲಿ ಮಲಗಿದವರು ಯಾರೆಂದು ತಿಳಿಯದು. ಅಲ್ಲಿ ತೀವ್ರತೆಯಿದೆ, ಬಿಡುಗಡೆಯಿಲ್ಲ. ಇಲ್ಲಿ ಸಮಾಧಾನವಿದೆ, ಅದಕ್ಕೆ ತೆತ್ತ ಬೆಲೆ ಕಾಣದು. ಆದ್ದರಿಂದ ಕಗ್ಗವನ್ನು ಸಿದ್ಧ ಸಾಂತ್ವನವೆಂದು ಉದ್ಧರಿಸುವವರು ‘ಅನಬೆಲ್ ಲೀ’ಯಂಥ ಕವಿತೆಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಉಚಿತ. ಕುಸಿತದ ಆಳವನ್ನು ಬಲ್ಲವರಿಗೇ ನೆಲವಿದೆಯೆಂಬ ಮಾತಿನ ತೂಕ ದಕ್ಕುತ್ತದೆ.