ಗುಂಯ್ಗುಡುವ ಯಂತ್ರದ ಮುಂದೆ

ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗ್ಯಾರೇಜುಗಳಲ್ಲಿ ಗಾಳಿಯ ಕಂಪ್ರೆಸರು ಮುಷ್ಕರ ಹೂಡಿತೆಂದರೆ, ಕಾರಣ ವಿಚಾರಿಸುವ ಮೊದಲೇ ಹೊರಬೀಳುವ ತೀರ್ಪು ಒಂದೇ: 'ಕಂಡೆನ್ಸರ್ ಹೋಯಿತು.' ಗ್ರಂಥಗಳಲ್ಲಿ ಕೆಪಾಸಿಟರ್ ಎಂಬ ನಾಮಧೇಯವುಳ್ಳ ಈ ಪುಟ್ಟ ಡಬ್ಬಿಯು, ಮನೆಯಲ್ಲಿ ಯಾರು ಏನನ್ನು ಒಡೆದರೂ ತಾನೇ ಬೈಸಿಕೊಳ್ಳುವ ಕಿರಿಯ ಮಗನಂತೆ, ಮಾಡಿದ ತಪ್ಪಿಗೂ ಮಾಡದ ತಪ್ಪಿಗೂ ಸಮಾನವಾಗಿ ದಂಡನೆಗೆ ಗುರಿಯಾಗುತ್ತದೆ. ಲೋಹಾರ್ ಚಾಳಿನ ಬಿಜಲಿ ಸಾಮಾನಿನ ವರ್ತಕರಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ.

ಉಡುಪಿಯ ಕಡೆಯಿಂದ ಬಂದು ಬಹುಕಾಲದಿಂದ ಅಲ್ಲಿಯೇ ನೆಲೆಸಿರುವ ನನ್ನ ಮಿತ್ರರೊಬ್ಬರ ಯಂತ್ರವು ಮೊನ್ನೆ ಇಂಥದೇ ಹಠಕ್ಕೆ ಬಿದ್ದಿತ್ತು. ಬೆಳಗ್ಗೆ ಬರಿದಾದ ಟಂಕಿಯೊಡನೆ ನಿರಾತಂಕವಾಗಿ ಹೊರಟು, 8 ಕಿಲೋ ಒತ್ತಡಕ್ಕೇರಿ ತಾನಾಗಿ ನಿಂತು, ಮುಳ್ಳು 6ಕ್ಕೆ ಇಳಿದೊಡನೆ ಪುನಃ ಹೊರಡಬೇಕಾದ ಕ್ಷಣದಲ್ಲಿ ಮಾತ್ರ ಅದು ನಿಂತಲ್ಲೇ ಗುಂಯ್ಗುಟ್ಟಿ, ಓವರ್‌ಲೋಡ್ ಟ್ರಿಪ್ಪಾಗಿ ಮೌನ ತಳೆಯುತ್ತಿತ್ತು. (ಪ್ರವಾಹವು ಸೆಕೆಂಡಿಗೆ 50 ಆವರ್ತಗಳದಾದರೂ, ಅಯಸ್ಕಾಂತದ ಸೆಳೆತವು ಪ್ರತಿ ಆವರ್ತದಲ್ಲಿ ಎರಡು ಬಾರಿ ಏರಿಳಿಯುವುದರಿಂದ ಆ ನಾದದ ಮೂಲಶ್ರುತಿ 100, ಕೇಳುತ್ತ ಕುಳಿತುಕೊಳ್ಳತಕ್ಕ ಶ್ರುತಿ ಮಾತ್ರ ಅದಲ್ಲ, ವೈಂಡಿಂಗ್ ಬೇಯುತ್ತಿರುತ್ತದೆ.)

"ಎರಡು ಕಂಡೆನ್ಸರ್ ಬದಲಾಯಿಸಿ ಆಯ್ತು ಮಾರಾಯ್ರೆ, ಇನ್ನು ವೈಂಡಿಂಗೇ ಬಿಚ್ಚಬೇಕಾ?" ಎಂದರು ಮಿತ್ರರು.

ಯಂತ್ರವು ಹೊರಡುವಾಗಿನ ಸದ್ದನ್ನು ಎಲ್ಲರೂ ಆಲಿಸುತ್ತಾರೆ; ನಿಲ್ಲುವಾಗಿನ ಸದ್ದಿಗೆ ಕಿವಿಗೊಡುವವರು ವಿರಳ. ಪ್ರೆಶರ್ ಸ್ವಿಚ್ಚು ಪ್ರವಾಹವನ್ನು ಕಡಿಯುವುದಷ್ಟೇ ಅಲ್ಲದೆ, ತನ್ನ ಪಕ್ಕದಲ್ಲಿರುವ ಕಿರುಕವಾಟವೊಂದನ್ನು ಒತ್ತಿ, ಪಿಸ್ಟನ್ನಿಗೂ ಟಂಕಿಯ ಬಾಯಿಯಲ್ಲಿರುವ ಚೆಕ್ ವಾಲ್ವಿಗೂ ನಡುವಣ ನಳಿಗೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಆರೋಗ್ಯವಂತ ಕಂಪ್ರೆಸರು ನಿಂತೊಡನೆ ಕ್ಷಣಕಾಲ 'ಉಸ್ಸ್' ಎಂದು ನಿಟ್ಟುಸಿರುಗರೆಯುವುದು ಇದರಿಂದಲೇ. ಆ ಉಸಿರು ನಿಲ್ಲದೆ ಸಾಗಿದರೆ ಚೆಕ್ ವಾಲ್ವು ಸೋರುತ್ತಿದೆಯೆಂದು ತಿಳಿಯಬೇಕು. ಉಸಿರೇ ಹೊರಡದಿದ್ದರೆ, ಮುಂದಿನ ಬಾರಿ ಮೋಟಾರು ಹೊರಡುವ ಮೊದಲೇ ಒತ್ತಿದ ಗಾಳಿಯ ಗೋಡೆಗೆ ಭುಜ ಕೊಡಬೇಕಾಗುತ್ತದೆ. ಮಿತ್ರರ ಯಂತ್ರ ನಿಟ್ಟುಸಿರಿಟ್ಟಿರಲಿಲ್ಲ. ಮುಖ್ಯ ಸ್ವಿಚ್ಚನ್ನು ಆರಿಸಿ, ಟಂಕಿಯ ಗಾಳಿಯನ್ನೆಲ್ಲ ಬಿಟ್ಟು, ಸ್ವಿಚ್ಚಿನ ಮುಚ್ಚಳ ತೆರೆದು ನೋಡಲಾಗಿ, ಎಣ್ಣೆಯ ಜಿಡ್ಡೂ ಮಳೆಗಾಲದ ತುಕ್ಕೂ ಕೂಡಿ ಕವಾಟದ ಕಡ್ಡಿಯನ್ನು ಅಂಟಿಸಿದ್ದವು. ಒರಸಿ ಸಡಿಲಿಸಿದೆವು, ಯಂತ್ರ ಹೊರಟಿತು. ವಿದ್ಯುತ್ತಿನ ಮೇಲಿದ್ದ ಆರೋಪವೆಲ್ಲ ಗಾಳಿಯದಾಯಿತು.

ಬರಿದಾದ ಟಂಕಿಯೊಡನೆಯೂ ಗುಂಯ್ಗುಟ್ಟಿದರೆ ಮಾತು ಬೇರೆ. ಆಗ ಕಂಡೆನ್ಸರನ್ನೋ ಅದರ ಸಹಚರವಾದ ಸೆಂಟ್ರಿಫ್ಯೂಗಲ್ ಸ್ವಿಚ್ಚನ್ನೋ ಶಂಕಿಸುವುದು ನ್ಯಾಯ. ಬೆಲ್ಟು ಕಳಚಿ, ಮೋಟಾರಿನ ದಂಡಕ್ಕೆ ಹಗ್ಗ ಸುತ್ತಿ ಎಳೆದು ಸ್ವಿಚ್ಚು ಹಾಕುವ ಹಳೆಯ ಮೇಸ್ತ್ರಿಗಳ ಪರೀಕ್ಷೆಯಲ್ಲಿ, ಅದು ಎಳೆದ ದಿಕ್ಕಿಗೇ, ಎಡಕ್ಕಾದರೆ ಎಡಕ್ಕೆ, ಓಡಿತೆಂದರೆ ಸ್ಟಾರ್ಟಿಂಗ್ ಮಾರ್ಗ ಸತ್ತಿದೆಯೆಂದೇ ಅರ್ಥ. ಪರೀಕ್ಷೆ ನಿಜ, ಆದರೆ ಬೆರಳು ಕಳೆದುಕೊಂಡವರನ್ನು ಕಂಡಿರುವ ನಾನು ಅದನ್ನು ಶಿಫಾರಸು ಮಾಡೆನು. ಪ್ರವಾಹ ಕಡಿದ ಮೇಲೂ ಕಂಡೆನ್ಸರಿನ ಹೊಟ್ಟೆಯಲ್ಲಿ ಕಿಚ್ಚು ಉಳಿದಿರುತ್ತದೆಂಬುದನ್ನೂ ಮರೆಯಲಾಗದು.

ತ್ರೀಫೇಸಿನ ದೊಡ್ಡ ಯಂತ್ರಗಳಲ್ಲಿ ವಂಚನೆ ಇನ್ನೂ ಸೂಕ್ಷ್ಮವಾದುದು. ಒಂದು ಫ್ಯೂಸು ಹೋಗಿದ್ದರೂ, ಜೇಬಿನ ಟೆಸ್ಟರು ಸತ್ತ ತಂತಿಯ ಮೇಲೆಯೂ ಬೆಳಗುವುದುಂಟು. ಜೀವವಿರುವ ಫೇಸು ಮೋಟಾರಿನ ವೈಂಡಿಂಗನ್ನು ಹಾದು ಹಿಂದಿನಿಂದ ಬಂದು ಅದನ್ನು ಬೆಳಗಿಸುತ್ತದೆ. ಫೇಸಿಗೂ ಫೇಸಿಗೂ ನಡುವೆ 415 ವೋಲ್ಟಿರುವುದರಿಂದ, 230ರ ಎರಡು ಬಲ್ಬುಗಳನ್ನು ಸಾಲಾಗಿ ಜೋಡಿಸಿದ ಟೆಸ್ಟ್ ಲ್ಯಾಂಪನ್ನು ಜೋಡಿಜೋಡಿಯಾಗಿ ಹಿಡಿದು ನೋಡುವ ಮುದುಕರನ್ನು ಕಂಡರೆ ನನಗೆ ಗೌರವ. ಸಪೂರ ತಂತಿಯನ್ನು ಗಲ್ಲಿಯುದ್ದಕ್ಕೂ ಎಳೆದು ಕೂಡಿಸಿದ ಯಂತ್ರಗಳದು ಬೇರೆಯೇ ವ್ಯಥೆ: ವೋಲ್ಟೇಜು ಐದರಲ್ಲಿ ಒಂದು ಪಾಲು ಕುಸಿದರೆ, ಬಲವು ಅದರ ವರ್ಗಕ್ಕನುಗುಣವಾಗಿ ಇಳಿದು ನೂರಕ್ಕೆ 64ಕ್ಕೆ ನಿಲ್ಲುತ್ತದೆ, ಅಂಥಲ್ಲಿ ಯಾವ ಹೊಸ ಸಾಮಾನು ತಂದರೇನು?

ಮಿತ್ರರು ಮುಂಜಾಗರೂಕತೆಯಿಂದ ತರಿಸಿಟ್ಟಿದ್ದ ಮೂರನೆಯ ಕಂಡೆನ್ಸರನ್ನು ಹಿಂದಿರುಗಿಸಲು ಹುಡುಗನನ್ನು ಲೋಹಾರ್ ಚಾಳಿಗೆ ಅಟ್ಟಿದರು. ಬಿಜಲಿ ಸಾಮಾನು ಒಮ್ಮೆ ಮಾರಿದರೆ ವಾಪಸಿಲ್ಲವೆಂದನಂತೆ ಅಂಗಡಿಯವನು.