ದೆವ್ವಕ್ಕೆ ನಮ್ಮ ಮನೆಮಾತು

‘ಆಪ್ತಮಿತ್ರ’ವನ್ನು (2004) ನಾನು ಚಿಂತಾಮಣಿಯಲ್ಲಿ ಸೆಕೆಂಡ್ ಶೋ ನೋಡಿದ್ದು, ಅಕ್ಕನ ಜೊತೆ. ಅಕ್ಕ ಆಗ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುತ್ತಿದ್ದಳು; ಬಿಸಿನೀರಿಗೆ ಬೆರಳೆಲ್ಲ ಬಿಳಿಚಿಕೊಂಡಿದ್ದವು. ಗಂಗಾಳ ಮೈಮೇಲೆ ನಾಗವಲ್ಲಿ ಬಂದು ತೆಲುಗಿನಲ್ಲಿ ಮಾತಾಡಿದಾಗ ಅಕ್ಕ ಬಗ್ಗಿ, ‘ಇದಿ ಮನ ಮಾಟೇ ಕದರಾ’ ಅಂದಳು. ಹೌದಲ್ಲ! ಗಂಡ, ಡಾಕ್ಟರು ಎಲ್ಲ ಕನ್ನಡ. ದೆವ್ವಕ್ಕೆ ಮಾತ್ರ ನಮ್ಮ ಮನೆಮಾತು. (ಮೇಲ್ಕೇರಿಯಲ್ಲೂ ತೆಲುಗೇ. ಅವರೂ ನಮ್ಮ ಹಾಗೆ ಬೆಚ್ಚಿದರೋ ಕಾಣೆ.)

ಬದುಕಿ ಉಳಿದ ಗಂಗಾಳನ್ನು, ಸೌಂದರ್ಯರ ಅಭಿನಯವನ್ನು ಎಲ್ಲರೂ ಹೊಗಳಿದರು. ಸರಿಯೇ. ಆದರೆ ಅವಳನ್ನು ಉಳಿಸಿದ್ದು ಡಾಕ್ಟರು. ಅಮೆರಿಕದ ‘ಹ್ಯಾಲೋವೀನ್’ನಲ್ಲೂ (1978) ಲಾರಿ ಎಷ್ಟು ಹೋರಾಡಿದರೂ ಕೊನೆಗೆ ಗುಂಡು ಹಾರಿಸಿದ್ದು ಡಾಕ್ಟರೇ. ಇಲ್ಲಿ ಗಂಗಾ ಉಳಿಯಬೇಕಾದರೆ ನಾಗವಲ್ಲಿಗೆ ಮೋಸವಾಗಬೇಕು. ರಾಜನಿಂದ ಸತ್ತ ಆ ಕುಣಿಯುವ ಹೆಣ್ಣಿನ ಕೈಗೆ ಸಿಕ್ಕಿದ್ದು ರಾಜನಲ್ಲ, ಒಂದು ಬೊಂಬೆ. ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯ್ತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಬೊಂಬೆಯೂ ಸಿಗಲಿಲ್ಲ.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಹೊತ್ತಿಗೆ ನಾಯಕಿ ಬದಲಾಗಿದ್ದಾಳೆ. ಪತ್ರಿಕೆಯಲ್ಲಿ ಕೆಲಸಮಾಡುವ ರಚನಾ ಯಾವ ಡಾಕ್ಟರಿಗೂ ಕಾಯುವುದಿಲ್ಲ. ಸತ್ತವಳು ಯಾಕೆ ಸತ್ತಳು ಅಂತ ತಾನೇ ಹುಡುಕುತ್ತಾಳೆ. ದೆವ್ವದ ದೂರು ಕೇಳಿಸಿಕೊಂಡು ಬದುಕುವ ನಾಯಕಿ. ಇದು ದೊಡ್ಡದು, ಒಪ್ಪುತ್ತೇನೆ.

ಅಕ್ಕ ಅದನ್ನು ಟೀವಿಯಲ್ಲಿ ನೋಡಿದಳು. ಫ್ಲೈಓವರಿನ ಮೇಲೆ ಕೂತು ರಚನಾಳಿಗೆ ಗಾಡಿ ನಂಬರು ಬರೆದುಕೊಡುತ್ತಿದ್ದ ಮನೆಯಿಲ್ಲದವನೊಬ್ಬ ಇದ್ದನಲ್ಲ, ಅವಳು ಕೇಳಿದ್ದು ಅವನನ್ನೇ: ‘ಆ ನಂಬರ್ ಬರೆಯೋನು ಏನಾದನೋ?’